ಮಿದುಳು ಒಪ್ಪುವ ಲೇಪನ ಯಾವುದು?

ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ನಾರ್ಮನ್ ಅವರ ತಂಡ ರೂಪಿಸಿದ ‘ಯೂಟಾ ಅರೇ’ ನೋಡಲು ಪುಟಾಣಿ ಬ್ರಷ್ಷಿನಂತಿದೆ. 4 ಮಿ.ಮೀ. ಚೌಕದ ಮೇಲೆ ಸಿಲಿಕಾನ್‌ನ 100 ಸೂಜಿಗಳು; ಮಿದುಳಿನ ವಿದ್ಯುತ್ ಸಂಕೇತ ಹಿಡಿಯುವ ಎಲೆಕ್ಟ್ರೋಡ್‌ಗಳಿವು. 2004ರಲ್ಲಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡಿದ್ದ ವ್ಯಕ್ತಿಯೊಬ್ಬರ ಮಿದುಳಿಗೆ ಇದನ್ನು ಅಳವಡಿಸಲಾಯಿತು. ಬರೀ ಮನಸ್ಸಿನಲ್ಲಿ ಅಂದುಕೊಂಡೇ ಅವರು ಕಂಪ್ಯೂಟರಿನ ಕರ್ಸರ್ ಸರಿಸಿದರು.

ಸುದ್ದಿಯಾಗಿದ್ದು ಸೂಜಿ; ಅದರ ಮೈಗೆ ಮೆತ್ತಿದ್ದ ಪ್ಯಾರಿಲೀನ್-ಸಿ ಎಂಬ ಪ್ಲಾಸ್ಟಿಕ್ ಬಗ್ಗೆ ಯಾರೂ ಮಾತಾಡಲಿಲ್ಲ. ತುದಿಯೊಂದನ್ನು ಬಿಟ್ಟು ಉಳಿದ ಮೈಯನ್ನೆಲ್ಲ ಮುಚ್ಚುವ ಇದರ ದಪ್ಪ ಕೆಲವೇ ಮೈಕ್ರಾನ್. ನಿರ್ವಾತದಲ್ಲಿ ಆವಿಯಾಗಿಸಿ ಇದನ್ನು ಕೂರಿಸುತ್ತಾರೆ. ದೇಹದ ಉಪ್ಪುನೀರು ಒಳನುಗ್ಗದಂತೆ, ವಿದ್ಯುತ್ ಸೋರದಂತೆ ಕಾಯುವುದು ಇದರ ಕೆಲಸ.

ಇಂಥ ಲೇಪನ ನಿರಪಾಯಕಾರಿಯೇ ಎಂದು ನೋಡಲು ಐಎಸ್‌ಒ 10993 ಎಂಬ ಮಾನದಂಡವಿದೆ. ಮೊದಲ ಹಂತ ಸರಳ. ಲೇಪನದ ತುಣುಕನ್ನು ಪೋಷಕ ದ್ರಾವಣದಲ್ಲಿ 37 ಡಿಗ್ರಿ ಬಿಸಿಯಲ್ಲಿ 24 ಗಂಟೆ ನೆನೆಹಾಕಿ, ಆ ದ್ರಾವಣವನ್ನು ಇಲಿಯ ಜೀವಕೋಶಗಳಿಗೆ ಉಣಿಸುತ್ತಾರೆ. ಆಮೇಲೆ ಎಂಟಿಟಿ ಎಂಬ ಹಳದಿ ರಾಸಾಯನಿಕ ಬೆರೆಸುತ್ತಾರೆ. ಬದುಕಿರುವ ಕೋಶಗಳು ಅದನ್ನು ನೇರಳೆ ಹರಳುಗಳಾಗಿ ಬದಲಿಸುತ್ತವೆ. ಸತ್ತವಕ್ಕೆ ಅದು ಸಾಧ್ಯವಿಲ್ಲ. ಹರಳುಗಳನ್ನು ಕರಗಿಸಿ ಬಣ್ಣದ ಗಾಢತೆ ಅಳೆದರೆ ಲೆಕ್ಕ ಸಿಕ್ಕಿತು. ಶೇ 70ಕ್ಕಿಂತ ಕಡಿಮೆ ಕೋಶಗಳು ಉಳಿದಿದ್ದರೆ ಲೇಪನದಲ್ಲಿ ವಿಷದ ಅಂಶವಿರಬಹುದು.

ಇದರಲ್ಲಿ ಪಾಸಾದರೆ ಹೊಸ್ತಿಲು ದಾಟಿದಂತೆ, ಅಷ್ಟೇ. ವಿಷವಲ್ಲದ ವಸ್ತುವನ್ನೂ ಮಿದುಳು ಸುಮ್ಮನೆ ಬಿಡುವುದಿಲ್ಲ. ಸಿಲಿಕಾನ್ ಬಲು ಗಡಸು, ಮಿದುಳು ಅತಿ ಮೆತ್ತಗೆ. ಸಾಲದ್ದಕ್ಕೆ ಪ್ರತಿ ಎದೆಬಡಿತಕ್ಕೂ ಅದು ಮಿಡಿಯುತ್ತದೆ. ಉಜ್ಜಾಟಕ್ಕೆ ಕೆರಳಿದ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳು ಸೂಜಿಯನ್ನು ಮುತ್ತುತ್ತವೆ. ಹಿಂದೆಯೇ ಆಸ್ಟ್ರೋಸೈಟ್‌ಗಳು ಸುತ್ತ ಗಾಯದ ಗೋಡೆ ಕಟ್ಟುತ್ತವೆ, ಸಂಕೇತ ಕ್ಷೀಣಿಸುತ್ತದೆ. ಇದನ್ನು ತಟ್ಟೆಯಲ್ಲಿ ಬೆಳೆಸಿದ ಕೋಶಗಳು ಹೇಳಲಾರವು. ಅದಕ್ಕೇ ಪ್ರಯೋಗದ ಇಲಿಗಳಿಗೆ ಸಾಧನ ಅಳವಡಿಸಿ, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಮಿದುಳಿನ ತೆಳು ಪದರಗಳಿಗೆ ಬಣ್ಣ ಹಾಕಿ ಗಾಯದ ಅಗಲ ಅಳೆಯಬೇಕಾಗುತ್ತದೆ.

ಇನ್ನು ಬಾಳಿಕೆ. ವರ್ಷಗಟ್ಟಲೆ ಕಾಯಲಾಗದೆ ಲೇಪನವನ್ನು 67 ಅಥವಾ 87 ಡಿಗ್ರಿಯ ಉಪ್ಪುನೀರಿನಲ್ಲಿ ನೆನೆಸಿಡುತ್ತಾರೆ. ಕೆರಳಿದ ಕೋಶಗಳು ಉಗುಳುವ ರಾಸಾಯನಿಕಗಳನ್ನು ಅನುಕರಿಸಲು ಹೈಡ್ರೋಜನ್ ಪೆರಾಕ್ಸೈಡನ್ನೂ ಸೇರಿಸುವುದುಂಟು. ಪ್ರತಿ 10 ಡಿಗ್ರಿಗೆ ಸವೆತ ಇಮ್ಮಡಿ ಎಂಬುದು ರೂಢಿಯ ಲೆಕ್ಕ. ಆದರೆ ಬಿಸಿಯಲ್ಲಿ ಪ್ಲಾಸ್ಟಿಕ್ ಬೇರೆಯೇ ರೀತಿಯಲ್ಲಿ ಕೆಡಬಹುದಾದ್ದರಿಂದ ನನಗೆ ಇದರ ಮೇಲೆ ಪೂರ್ತಿ ಭರವಸೆಯಿಲ್ಲ. ದೇಹದಿಂದ ಹೊರತೆಗೆದ ಯೂಟಾ ಅರೇಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಿದಾಗ ಪ್ಯಾರಿಲೀನ್ ಬಿರುಕುಬಿಟ್ಟಿದ್ದು ಕಂಡಿದೆ. ಸಿಲಿಕಾನ್ ಕಾರ್ಬೈಡ್‌ನಂಥ ಬದಲಿ ಲೇಪನಗಳ ಹುಡುಕಾಟ ನಡೆದಿರುವುದು ಇದಕ್ಕೇ.

ಮುಂದಿನ ಸಲ ಮಿದುಳಿನ ಚಿಪ್ ಬಗ್ಗೆ ಸುದ್ದಿ ಓದಿದರೆ, ಎಲೆಕ್ಟ್ರೋಡ್ ಎಷ್ಟು ಎಂದು ಕೇಳುವ ಮೊದಲು ಲೇಪನ ಯಾವುದು, ದೇಹದೊಳಗೆ ಎಷ್ಟು ವರ್ಷ ತಾಳಿದೆ ಎಂದು ಕೇಳಿ.