ಮಾತ್ರೆಯೂ ಬೇಕು, ಆಸರೆಯೂ ಬೇಕು

ಎಚ್.ಐ.ವಿ. ಸೋಂಕಿತರ ಪರಸ್ಪರ ನೆರವು ಮತ್ತು ಸಂಘಟನೆಯ ವಿಷಯ ದಂಪತಿಗಳಿಗೆ ಕೆಲವು ತಿಳಿವಳಿಕೆಯ ಮಾತುಗಳು

ಸಂಸಾರವೆಂಬುದು ಎರಡು ಗಾಲಿಗಳ ಬಂಡಿ ಎಂದು ಹಿರಿಯರು ಹೇಳುತ್ತಾರೆ. ಒಂದು ಗಾಲಿ ಕೆಸರಿನಲ್ಲಿ ಹೂತರೆ ಇನ್ನೊಂದು ಗಾಲಿಯೂ ಮುಂದೆ ಸಾಗಲಾರದು. ಮನೆಯಲ್ಲಿ ಒಬ್ಬರಿಗೆ ಕಾಮಾಲೆಯಾದರೆ, ಚಳಿಜ್ವರ ಬಂದರೆ, ಹಾವು ಕಚ್ಚಿದರೆ ನೆರೆಹೊರೆಯವರು ಓಡಿ ಬರುತ್ತಾರೆ. ಆದರೆ ರಕ್ತಪರೀಕ್ಷೆಯಲ್ಲಿ ಎಚ್.ಐ.ವಿ. ಸೋಂಕು ಕಂಡುಬಂದಾಗ ಅದೇ ಮನೆಯವರು ಬಾಗಿಲು ಮುಚ್ಚಿಕೊಂಡು ಕುಳಿತುಕೊಳ್ಳುವುದುಂಟು. ಗಂಡ ಹೆಂಡತಿಗೆ ಹೇಳುವುದಿಲ್ಲ. ಹೆಂಡತಿ ತವರಿಗೆ ಹೇಳುವುದಿಲ್ಲ. ಯಾರಿಗೂ ತಿಳಿಯಬಾರದೆಂಬ ಹೆದರಿಕೆಯಿಂದ ಆಸ್ಪತ್ರೆಗೆ ಹೋಗುವುದನ್ನೂ ನಿಲ್ಲಿಸುವವರಿದ್ದಾರೆ. ಅನೇಕರ ಪ್ರಾಣಕ್ಕೆ ಎರವಾದುದು ಈ ಹೆದರಿಕೆಯೇ.

ಇದನ್ನು ಕಳೆಯುವ ಒಂದು ಉಪಾಯವನ್ನು ಸೋಂಕಿತರು ತಾವೇ ಕಂಡುಕೊಂಡಿದ್ದಾರೆ. ಅದೆಂದರೆ, ಅದೇ ಸೋಂಕಿನೊಡನೆ ಬಾಳುತ್ತಿರುವ ಇತರರನ್ನು ಸೇರುವುದು, ಒಬ್ಬರಿಗೊಬ್ಬರು ಆಸರೆಯಾಗುವುದು, ಸಂಘ ಕಟ್ಟಿಕೊಂಡು ತಮ್ಮ ಹಿತವನ್ನು ತಾವೇ ನೋಡಿಕೊಳ್ಳುವುದು. ಇದರ ಪ್ರಯೋಜನವೇನು, ದಂಪತಿಗಳು ಇದನ್ನು ಪಡೆಯುವ ಬಗೆ ಹೇಗೆ ಎಂಬುದನ್ನು ಇಲ್ಲಿ ತಿಳಿಸಲಾಗಿದೆ.

ಮೊದಲು ಅರಿತಿರಬೇಕಾದ ಸಂಗತಿಗಳು

ಎಚ್.ಐ.ವಿ. ಎಂಬುದು ದೇಹದ ರೋಗನಿರೋಧಕ ಶಕ್ತಿಯನ್ನು ಕ್ರಮೇಣ ಕುಗ್ಗಿಸುವ ಒಂದು ವೈರಾಣು. ಚಿಕಿತ್ಸೆ ಪಡೆಯದೆ ಬಿಟ್ಟಲ್ಲಿ ಕೆಲವು ವರ್ಷಗಳಲ್ಲಿ ದೇಹವು ಕ್ಷಯವೇ ಮೊದಲಾದ ರೋಗಗಳನ್ನು ಎದುರಿಸಲಾರದ ಸ್ಥಿತಿಗೆ ಬರುತ್ತದೆ. ಆ ಸ್ಥಿತಿಗೆ ಏಡ್ಸ್ ಎಂದು ಹೆಸರು. ಈ ವೈರಾಣು ಮುಖ್ಯವಾಗಿ ನಾಲ್ಕು ಮಾರ್ಗಗಳಿಂದ ಹರಡುತ್ತದೆ: ಸೋಂಕಿರುವವರೊಡನೆ ನಿರೋಧ್ ಬಳಸದೆ ನಡೆಸಿದ ಲೈಂಗಿಕ ಸಂಪರ್ಕ; ಪರೀಕ್ಷಿಸದ ರಕ್ತವನ್ನು ಪಡೆಯುವುದು; ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸುವುದು; ಗರ್ಭಾವಸ್ಥೆ, ಹೆರಿಗೆ ಅಥವಾ ಮೊಲೆಯೂಡಿಸುವ ಕಾಲದಲ್ಲಿ ತಾಯಿಯಿಂದ ಮಗುವಿಗೆ ದಾಟುವುದು. ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಒಂದೇ ಕೊಳಾಯಿಯ ನೀರು ಕುಡಿಯುವುದರಿಂದ, ಬಟ್ಟೆ ಒಗೆಯುವುದರಿಂದ, ಮಗುವನ್ನು ಎತ್ತಿ ಮುದ್ದಿಸುವುದರಿಂದ, ಸೊಳ್ಳೆ ಕಚ್ಚುವುದರಿಂದ ಇದು ಹರಡುವುದಿಲ್ಲ.

ಸೋಂಕನ್ನು ದೇಹದಿಂದ ಬೇರುಸಹಿತ ಕಿತ್ತುಹಾಕುವ ಔಷಧ ಇನ್ನೂ ಬಳಕೆಗೆ ಬಂದಿಲ್ಲ. ಆದರೆ ಎ.ಆರ್.ಟಿ. ಎಂಬ ಚಿಕಿತ್ಸೆಯ ಮಾತ್ರೆಗಳು ವೈರಾಣುವನ್ನು ಅಡಗಿಸಿಡುತ್ತವೆ. ನಮ್ಮ ದೇಶದಲ್ಲಿ 2004ರ ಏಪ್ರಿಲ್ 1ರಿಂದ ಸರ್ಕಾರವು ಈ ಮಾತ್ರೆಗಳನ್ನು ಉಚಿತವಾಗಿ ಕೊಡತೊಡಗಿತು. ಮೊದಲು ಈ ಸೌಲಭ್ಯ ದೊರೆತ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2017ರಿಂದೀಚೆಗೆ, ಕಾಯಿಲೆ ಉಲ್ಬಣಿಸುವವರೆಗೆ ಕಾಯದೆ, ಸೋಂಕು ಕಂಡುಬಂದ ಎಲ್ಲರಿಗೂ ಚಿಕಿತ್ಸೆ ಆರಂಭಿಸಲಾಗುತ್ತಿದೆ. ಮಾತ್ರೆಯನ್ನು ದಿನವೂ ತಪ್ಪದೆ, ಆಜೀವ ಪರ್ಯಂತ ಸೇವಿಸಬೇಕು. ಹಾಗೆ ಸೇವಿಸುವವರು ಇತರರಂತೆಯೇ ದುಡಿದು, ಮಕ್ಕಳನ್ನು ಬೆಳೆಸಿ, ಮೊಮ್ಮಕ್ಕಳನ್ನು ಕಾಣಬಲ್ಲರು.

ವೈದ್ಯರಿರುವಾಗ ಸಂಗಡಿಗರೇಕೆ?

ಈ ಪ್ರಶ್ನೆ ಸಹಜವಾದುದು. ವೈದ್ಯರು ಮಾತ್ರೆಯ ಹೆಸರನ್ನೂ ಪ್ರಮಾಣವನ್ನೂ ತಿಳಿಸುತ್ತಾರೆ. ಆದರೆ ಕಬ್ಬು ಕಡಿಯಲು ಹೊರ ಜಿಲ್ಲೆಗೆ ಗುಳೆ ಹೋದಾಗ ಮಾತ್ರೆ ಮುಗಿದರೆ ಏನು ಮಾಡಬೇಕು? ಮದುವೆಯ ಮನೆಯಲ್ಲಿ ಹತ್ತು ಮಂದಿಯ ನಡುವೆ ಮಾತ್ರೆ ನುಂಗುವುದು ಹೇಗೆ? ‘ದಿನವೂ ಇದೇನು ಮಾತ್ರೆಯಮ್ಮಾ?’ ಎಂದು ಅತ್ತೆ ಕೇಳಿದರೆ ಏನು ಹೇಳಬೇಕು? ಮೊದಲ ಕೆಲವು ವಾರಗಳಲ್ಲಿ ವಾಕರಿಕೆ, ತಲೆನೋವು, ನಿದ್ರಾಭಂಗ ಕಾಣಿಸಿಕೊಂಡರೆ ಅದು ತಾನಾಗಿ ಹೋಗುವುದೋ ಇಲ್ಲವೋ? ಇಂತಹ ನಿತ್ಯದ ತೊಡಕುಗಳನ್ನು ತಾನೇ ಅನುಭವಿಸಿ ದಾಟಿದವರು ಹೇಳುವ ಮಾತು ಮನಸ್ಸಿಗೆ ನಾಟುತ್ತದೆ.

ಹತ್ತು ವರ್ಷಗಳಿಂದ ಮಾತ್ರೆ ಸೇವಿಸುತ್ತ ಹೊಲದಲ್ಲಿ ಉಳುತ್ತಿರುವ ಒಬ್ಬ ರೈತನನ್ನು ಕಣ್ಣಾರೆ ಕಂಡಾಗ, ನಿನ್ನೆಯಷ್ಟೇ ಪರೀಕ್ಷೆಯ ಫಲಿತಾಂಶ ತಿಳಿದವನಿಗೆ ತಾನೂ ಬದುಕಬಲ್ಲೆನೆಂಬ ಧೈರ್ಯ ಬರುತ್ತದೆ. ಇಂತಹ ಧೈರ್ಯ ಬರಿಯ ಉಪದೇಶದಿಂದ ಬರುವುದು ಕಷ್ಟ.

ಆದರೆ ಒಂದು ಎಚ್ಚರಿಕೆ. ಸಂಗಡಿಗರು ವೈದ್ಯರಲ್ಲ. ಮಾತ್ರೆಯನ್ನು ಬದಲಿಸುವುದಾಗಲಿ ನಿಲ್ಲಿಸುವುದಾಗಲಿ ವೈದ್ಯರ ಸಲಹೆಯಿಲ್ಲದೆ ಕೂಡದು. ಸೋಂಕನ್ನು ಪೂರ್ಣವಾಗಿ ಗುಣಪಡಿಸುವೆವೆಂದು ಹಣ ಕೀಳುವವರ ಮಾತಿಗೆ ಮರುಳಾಗಬಾರದು. ಇಂತಹವರನ್ನು ನಂಬಿ ಹಣ ಕಳೆದುಕೊಂಡು, ಮಾತ್ರೆಯನ್ನೂ ಬಿಟ್ಟು ಹಾಸಿಗೆ ಹಿಡಿದವರ ಉದಾಹರಣೆಗಳನ್ನು ಸಂಘದ ಹಳೆಯ ಸದಸ್ಯರು ನಿಮಗೆ ತಿಳಿಸಬಲ್ಲರು.

ಸಂಘಗಳು ಬೆಳೆದು ಬಂದ ಬಗೆ

ಈ ಕಾಯಿಲೆಯ ಮೊದಲ ವರದಿಗಳು 1981ರಲ್ಲಿ ಅಮೆರಿಕದಿಂದ ಬಂದವು. ಆಗ ಔಷಧವಿರಲಿಲ್ಲ. 1983ರಲ್ಲಿ ಆ ದೇಶದ ಡೆನ್ವರ್ ನಗರದಲ್ಲಿ ಸೇರಿದ ಕೆಲವು ಮಂದಿ ಏಡ್ಸ್ ಪೀಡಿತರು, ತಮ್ಮನ್ನು ಬಲಿಯಾದವರೆಂದು ಕರೆಯಬಾರದೆಂದೂ, ತಮಗೆ ಸಂಬಂಧಿಸಿದ ನಿರ್ಧಾರಗಳಲ್ಲಿ ತಮಗೂ ಸ್ಥಾನವಿರಬೇಕೆಂದೂ ಸಾರಿದರು. ಸೋಂಕಿತರ ಸಂಘಟನೆಗೆ ಇದು ತಳಹದಿಯಾಯಿತು. 1994ರಲ್ಲಿ ಪ್ಯಾರಿಸ್ ನಗರದಲ್ಲಿ 42 ದೇಶಗಳ ಪ್ರತಿನಿಧಿಗಳು ಸೇರಿ ಇದೇ ತತ್ತ್ವಕ್ಕೆ ಒಪ್ಪಿಗೆ ನೀಡಿದರು.

ಆಫ್ರಿಕಾ ಖಂಡದ ಉಗಾಂಡ ದೇಶದಲ್ಲಿ ನೊಯೆರೀನ್ ಕಲೀಬಾ ಎಂಬ ಗೃಹಿಣಿ ಆಸ್ಪತ್ರೆಯೊಂದರಲ್ಲಿ ಅಂಗಸಾಧನೆಯ ಚಿಕಿತ್ಸಕಿಯಾಗಿದ್ದರು. ಅವರ ಪತಿ ಏಡ್ಸ್‌ನಿಂದ 1987ರಲ್ಲಿ ತೀರಿಕೊಂಡರು. ಪತಿಯ ಶುಶ್ರೂಷೆಯ ಕಾಲದಲ್ಲಿ ತಾವು ಕಂಡ ತಿರಸ್ಕಾರ ಇತರರಿಗೆ ಬರಬಾರದೆಂದು ಆಕೆ ಅದೇ ವರ್ಷ ಟಾಸೋ ಎಂಬ ಸಂಸ್ಥೆಯನ್ನು ಆರಂಭಿಸಿದರು. ಜೊತೆಗಿದ್ದ ಸಂಗಡಿಗರಲ್ಲಿ ಅನೇಕರು ಸ್ವತಃ ಸೋಂಕಿತರೇ. ಮನೆಮನೆಗೆ ಹೋಗಿ ರೋಗಿಯ ಪಕ್ಕದಲ್ಲಿ ಕುಳಿತು ಮಾತನಾಡುವುದರಿಂದ ತೊಡಗಿದ ಆ ಕೆಲಸ, ಮುಂದೆ ಆ ದೇಶದಲ್ಲೆಲ್ಲ ಹಬ್ಬಿತು.

ಭಾರತದಲ್ಲಿ ಸೋಂಕು ಮೊದಲು ಪತ್ತೆಯಾದುದು 1986ರಲ್ಲಿ, ಅಂದಿನ ಮದರಾಸಿನಲ್ಲಿ. ಸೋಂಕಿತರ ರಾಷ್ಟ್ರೀಯ ಮಟ್ಟದ ಸಂಘಟನೆ ರೂಪುಗೊಂಡುದೂ ಅದೇ ನಗರದಲ್ಲಿ, 1997ರಲ್ಲಿ. ಮರುವರ್ಷವೇ ಸೋಂಕಿತ ಸ್ತ್ರೀಯರು ತಮ್ಮದೇ ಬೇರೊಂದು ಸಂಘಟನೆಯನ್ನು ಕಟ್ಟಿದರು. ಅದರ ಸ್ಥಾಪಕರಲ್ಲಿ ಪ್ರಮುಖರಾದ ತಮಿಳುನಾಡಿನ ಪಿ. ಕೌಸಲ್ಯ ಅವರಿಗೆ ಸೋಂಕು ಬಂದುದು ಮದುವೆಯಾದ ಮೇಲೆ, ಲಾರಿ ಚಾಲಕರಾಗಿದ್ದ ಪತಿಯಿಂದ. ಹಳ್ಳಿಯಿಂದ ಬಂದ ಆ ಹೆಣ್ಣುಮಗಳು ಮುಖ ಮುಚ್ಚಿಕೊಳ್ಳದೆ ಜನರ ಎದುರು ನಿಂತು ತಮ್ಮ ಕಥೆಯನ್ನು ಹೇಳಿದರು. ವಿಧವೆಯರಿಗೆ ಗಂಡನ ಆಸ್ತಿಯಲ್ಲಿ ಪಾಲು, ಸ್ತ್ರೀಯರಿಗೆ ಚಿಕಿತ್ಸೆ ಇವುಗಳಿಗಾಗಿ ಆ ಸಂಘಟನೆ ದುಡಿಯಿತು. ಮುಂದೆ ಕೌಸಲ್ಯ ಅವರಿಗೆ ಕೇಂದ್ರ ಸರ್ಕಾರದ ನಾರೀಶಕ್ತಿ ಪುರಸ್ಕಾರವೂ ದೊರೆಯಿತು.

ಹಳ್ಳಿಗರಿಗೆ ವಿಶೇಷವಾಗಿ ಒಪ್ಪುವ ಒಂದು ಉದಾಹರಣೆ ಮೊಜಾಂಬಿಕ್ ದೇಶದ್ದು. ಅಲ್ಲಿನ ಟೇಟೆ ಪ್ರಾಂತದಲ್ಲಿ ಆಸ್ಪತ್ರೆಗಳು ದೂರ, ಬಸ್ಸಿನ ಖರ್ಚು ಹೆಚ್ಚು. 2008ರಿಂದ ಅಲ್ಲಿನ ಸೋಂಕಿತರು ಆರು ಮಂದಿಯವರೆಗಿನ ಚಿಕ್ಕ ಗುಂಪುಗಳನ್ನು ಮಾಡಿಕೊಂಡರು. ತಿಂಗಳಿಗೊಬ್ಬರು ಸರದಿಯಂತೆ ಆಸ್ಪತ್ರೆಗೆ ಹೋಗಿ, ತಮ್ಮ ತಪಾಸಣೆ ಮಾಡಿಸಿಕೊಂಡು, ಎಲ್ಲರ ಮಾತ್ರೆಗಳನ್ನೂ ತರುತ್ತಿದ್ದರು. ನಮ್ಮ ರೈತರು ಮುಯ್ಯಾಳು ಪದ್ಧತಿಯಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ದುಡಿಯುವಂತೆಯೇ ಇದು. ಖರ್ಚು ಉಳಿಯಿತು, ಒಬ್ಬರು ಮಾತ್ರೆ ತಪ್ಪಿಸಿದರೆ ಉಳಿದವರಿಗೆ ಕೂಡಲೇ ತಿಳಿಯುವಂತಾಯಿತು.

ದಂಪತಿಗಳು ಗಮನಿಸಬೇಕಾದುದು

ಗರ್ಭಿಣಿಯಾದಾಗ ಸ್ತ್ರೀಗೆ ರಕ್ತಪರೀಕ್ಷೆಯಾಗುತ್ತದೆ. ಆದುದರಿಂದ ಎಷ್ಟೋ ಮನೆಗಳಲ್ಲಿ ಸೋಂಕು ಮೊದಲು ಪತ್ತೆಯಾಗುವುದು ಹೆಂಡತಿಯಲ್ಲಿ. ಮೊದಲು ಪತ್ತೆಯಾದವರೇ ಮೊದಲು ಸೋಂಕು ತಂದವರೆಂದು ತಿಳಿಯುವುದು ತಪ್ಪು. ಇಂತಹ ತಪ್ಪು ತಿಳಿವಳಿಕೆಯಿಂದ ತವರಿಗೆ ಅಟ್ಟಲ್ಪಟ್ಟ ಹೆಣ್ಣುಮಕ್ಕಳಿದ್ದಾರೆ. ಯಾರಿಂದ ಬಂತೆಂದು ಹಳಿಯುತ್ತ ಕೂರುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಪತಿ ಪತ್ನಿ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳುವುದೇ ಮೊದಲ ಕರ್ತವ್ಯ.

ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದಿರುವುದೂ ಸಾಮಾನ್ಯ. ಭಾರತವೂ ಸೇರಿದಂತೆ 9 ದೇಶಗಳಲ್ಲಿ ಇಂತಹ 1,763 ಜೋಡಿಗಳನ್ನು ವಿಜ್ಞಾನಿಗಳು ಪರಿಶೀಲಿಸಿದರು. ಚಿಕಿತ್ಸೆಯನ್ನು ತಡಮಾಡದೆ ಆರಂಭಿಸಿದಲ್ಲಿ ಸಂಗಾತಿಗೆ ಸೋಂಕು ಹರಡುವುದು ನೂರಕ್ಕೆ 96ರಷ್ಟು ತಗ್ಗುವುದೆಂದು 2011ರಲ್ಲಿ ತಿಳಿದುಬಂತು. ನಂತರದ ಅಧ್ಯಯನಗಳು ಇನ್ನೂ ಸ್ಪಷ್ಟವಾದ ಮಾತನ್ನು ಹೇಳಿವೆ. ಮಾತ್ರೆ ಸೇವನೆಯಿಂದ ವೈರಾಣು ರಕ್ತಪರೀಕ್ಷೆಯಲ್ಲಿ ಕಾಣದಷ್ಟು ತಗ್ಗಿ, ಹಾಗೆಯೇ ಉಳಿದಲ್ಲಿ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ. ಈ ಸ್ಥಿತಿಗೆ ಬರಲು ಸಾಮಾನ್ಯವಾಗಿ ಆರು ತಿಂಗಳವರೆಗೆ ಕಾಲ ಹಿಡಿಯುತ್ತದೆ. ವೈರಾಣು ಪ್ರಮಾಣದ ಪರೀಕ್ಷೆಯಿಂದ ಇದನ್ನು ವೈದ್ಯರು ಖಚಿತಪಡಿಸುವವರೆಗೆ ನಿರೋಧ್ ಬಳಸುವುದನ್ನು ಬಿಡಬಾರದು.

ಮಕ್ಕಳನ್ನು ಪಡೆಯುವ ಆಸೆಯನ್ನೂ ಬಿಡಬೇಕಾಗಿಲ್ಲ. ಚಿಕಿತ್ಸೆಯಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಂಭವ ನೂರಕ್ಕೆ 15ರಿಂದ 45ರಷ್ಟು. ತಾಯಿ ಗರ್ಭಾವಸ್ಥೆಯಿಂದಲೇ ಮಾತ್ರೆ ಸೇವಿಸಿ, ಆಸ್ಪತ್ರೆಯಲ್ಲಿ ಹೆರಿಗೆಯಾಗಿ, ಮಗುವಿಗೂ ಔಷಧ ಕೊಡಿಸಿದರೆ ಅದು ನೂರಕ್ಕೆ 5ಕ್ಕಿಂತ ಕೆಳಗಿಳಿಯುತ್ತದೆ. ಮಗುವಿನ ಪರೀಕ್ಷೆ 6 ವಾರಗಳಿಂದ ತೊಡಗಿ 18 ತಿಂಗಳವರೆಗೆ ನಡೆಯುತ್ತದೆ. ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದಲ್ಲಿ 2001ರಿಂದ ಸೋಂಕಿತ ತಾಯಂದಿರೇ ತರಬೇತಿ ಪಡೆದು, ಹೊಸ ಗರ್ಭಿಣಿಯರ ಜೊತೆಗೆ ನಿಂತು ಈ ಹದಿನೆಂಟು ತಿಂಗಳ ದಾರಿಯನ್ನು ದಾಟಿಸುವ ವ್ಯವಸ್ಥೆ ಆರಂಭವಾಯಿತು. ಸೋಂಕಿಲ್ಲದ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದ ತಾಯಿಗಿಂತ ಹೆಚ್ಚಿನ ಧೈರ್ಯವನ್ನು ಗರ್ಭಿಣಿಗೆ ಮತ್ತಾರು ಕೊಡಬಲ್ಲರು?

ಸಂಘದ ಕೆಲಸ ಮತ್ತು ಮುಂದಾಳುತನ

ಸಂಘವೆಂದರೆ ಭಾಷಣ ಮಾಡುವ ಸಭೆಯಲ್ಲ. ಹೊಸಬರನ್ನು ಮೊದಲ ಸಲ ಎ.ಆರ್.ಟಿ. ಕೇಂದ್ರಕ್ಕೆ ಕರೆದೊಯ್ಯುವುದು, ಮಾತ್ರೆ ಪಡೆಯಲು ಬಾರದವರನ್ನು ಹುಡುಕಿ ಕಾರಣ ತಿಳಿಯುವುದು, ಕೆಮ್ಮು ಇರುವವರನ್ನು ಕ್ಷಯದ ಪರೀಕ್ಷೆಗೆ ಕಳುಹಿಸುವುದು, ಶಾಲೆಯಲ್ಲಿ ಮಗುವನ್ನು ದೂರ ಕೂರಿಸಿದರೆ ಮುಖ್ಯೋಪಾಧ್ಯಾಯರನ್ನು ಕಂಡು ಮಾತನಾಡುವುದು, ವಿಧವೆಗೆ ಪಿಂಚಣಿ ಅರ್ಜಿ ತುಂಬಿಕೊಡುವುದು, ಕೇಂದ್ರದಲ್ಲಿ ಮಾತ್ರೆಯ ಕೊರತೆಯಾದರೆ ಅಧಿಕಾರಿಗಳ ಗಮನಕ್ಕೆ ತರುವುದು, ಇವೇ ಅದರ ಕೆಲಸಗಳು. 2013ರಲ್ಲಿ ಆರಂಭವಾದ ‘ವಿಹಾನ್’ ಎಂಬ ಕಾರ್ಯಕ್ರಮದಲ್ಲಿ ದೇಶದ ಅನೇಕ ಜಿಲ್ಲೆಗಳ ಆರೈಕೆ ಮತ್ತು ಬೆಂಬಲ ಕೇಂದ್ರಗಳನ್ನು ನಡೆಸುವ ಹೊಣೆಯನ್ನು ಸೋಂಕಿತರ ಸಂಘಗಳಿಗೇ ವಹಿಸಲಾಯಿತು. ನಿನ್ನೆ ನೆರವು ಪಡೆದವನು ಇಂದು ಇನ್ನೊಬ್ಬನ ಕೈ ಹಿಡಿದರೆ ಮುಂದಾಳುತನ ಅಲ್ಲಿಂದಲೇ ಆರಂಭವಾಯಿತೆಂದು ತಿಳಿಯಬೇಕು. ಅದಕ್ಕೆ ಓದು ಬರಹವೇ ಬೇಕೆಂದಿಲ್ಲ. ಗುಟ್ಟನ್ನು ಕಾಪಾಡುವ ಗುಣವಂತೂ ಬೇಕೇ ಬೇಕು.

ಕಾನೂನೂ ಇವರ ಬೆಂಬಲಕ್ಕಿದೆ. 2017ರಲ್ಲಿ ಅಂಗೀಕೃತವಾದ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದಿತು. ಇದರ ಪ್ರಕಾರ ವ್ಯಕ್ತಿಯ ಒಪ್ಪಿಗೆ ಪಡೆದೇ ಪರೀಕ್ಷೆ ಮಾಡತಕ್ಕದ್ದು. ಸೋಂಕಿನ ಕಾರಣದಿಂದ ಕೆಲಸ, ಶಾಲೆ, ಚಿಕಿತ್ಸೆ, ಬಾಡಿಗೆ ಮನೆ ಇವುಗಳಲ್ಲಿ ಭೇದ ಮಾಡುವಂತಿಲ್ಲ.

ಸಂಘವನ್ನು ಸೇರುವ ಬಗೆ

1. ಪರೀಕ್ಷೆ ಮಾಡಿಸಿಕೊಂಡ ಕೇಂದ್ರದ ಅಥವಾ ಎ.ಆರ್.ಟಿ. ಕೇಂದ್ರದ ಆಪ್ತಸಮಾಲೋಚಕರನ್ನು ಕಂಡು, ನಿಮ್ಮ ಜಿಲ್ಲೆಯಲ್ಲಿರುವ ಸೋಂಕಿತರ ಸಂಘದ ವಿಷಯ ಕೇಳಿರಿ. 1097 ಎಂಬ ಉಚಿತ ದೂರವಾಣಿ ಸಂಖ್ಯೆಗೆ ಕರೆಮಾಡಿಯೂ ಸಲಹೆ ಪಡೆಯಬಹುದು.

2. ಸಂಗಾತಿಗೆ ಹೇಳಲು ಧೈರ್ಯವಾಗದಿದ್ದರೆ, ಆಪ್ತಸಮಾಲೋಚಕರ ಎದುರಿನಲ್ಲಿ ಇಬ್ಬರೂ ಕುಳಿತು ಮಾತನಾಡಿರಿ.

3. ಊರಿನವರ ಕಣ್ಣಿಗೆ ಬೀಳುವ ಅಂಜಿಕೆಯಿದ್ದರೆ ಮೊದಲು ಸಂಘದ ಒಬ್ಬ ಸದಸ್ಯರನ್ನಷ್ಟೇ ಬೇರೆ ಊರಿನಲ್ಲಿ ಭೇಟಿಯಾಗಬಹುದು. ಎಲ್ಲರೆದುರು ಹೆಸರು ಹೇಳಿಕೊಳ್ಳಬೇಕೆಂಬ ಬಲವಂತ ಯಾರಿಗೂ ಇಲ್ಲ.

4. ಜಿಲ್ಲಾ ಕೇಂದ್ರಕ್ಕೆ ಹೋಗಿಬರುವುದು ಕಷ್ಟವಾದರೆ ಸಮೀಪದ ಲಿಂಕ್ ಎ.ಆರ್.ಟಿ. ಕೇಂದ್ರದಲ್ಲಿ ಮಾತ್ರೆ ಪಡೆಯುವ ಅನುಕೂಲವಿದೆಯೇ ಎಂದು ವಿಚಾರಿಸಿರಿ.

5. ಗುಳೆ ಹೋಗುವ ಮುನ್ನ ಕೇಂದ್ರಕ್ಕೆ ತಿಳಿಸಿ, ಬೇಕಾದಷ್ಟು ಮಾತ್ರೆಯ ವ್ಯವಸ್ಥೆ ಮಾಡಿಕೊಳ್ಳಿರಿ. ಚಿಕಿತ್ಸೆಯ ಪುಸ್ತಕವನ್ನು ಜೊತೆಗೆ ಇಟ್ಟುಕೊಳ್ಳಿರಿ.

ಸೋಂಕಿಲ್ಲದ ದಂಪತಿಗಳ ಕರ್ತವ್ಯ

ನಿಮ್ಮ ಓಣಿಯಲ್ಲಿ ಇಂತಹ ಒಂದು ಸಂಸಾರವಿರಬಹುದು; ಇದ್ದರೂ ನಿಮಗೆ ತಿಳಿದಿರಲಾರದು. ತಿಳಿದರೆ ಬಾಯಿಂದ ಬಾಯಿಗೆ ಹರಡಬೇಡಿರಿ. ಅವರ ಮನೆಯ ನೀರು ಕುಡಿಯಿರಿ, ಶುಭಕಾರ್ಯಗಳಿಗೆ ಕರೆಯಿರಿ, ಸ್ತ್ರೀಶಕ್ತಿ ಸಂಘದಲ್ಲಿ ಅವರಿಗೂ ಸ್ಥಾನ ಕೊಡಿರಿ, ಮಕ್ಕಳನ್ನು ಜೊತೆಯಲ್ಲಿ ಆಡಲು ಬಿಡಿರಿ. ಬಹಿಷ್ಕಾರದ ಭಯವಿಲ್ಲದ ಊರಿನಲ್ಲಿ ಜನರು ಪರೀಕ್ಷೆಗೆ ತಾವಾಗಿ ಮುಂದೆ ಬರುತ್ತಾರೆ, ಚಿಕಿತ್ಸೆಯನ್ನು ನಡುವೆ ಬಿಡುವುದಿಲ್ಲ. ಅದರಿಂದ ಇಡೀ ಊರಿಗೆ ಕ್ಷೇಮ.

ದಂಪತಿಗಳೇ, ಸೋಂಕು ಬಂದಿತೆಂದು ಬಾಳು ಮುಗಿಯಿತೆಂದು ಭಾವಿಸಬೇಡಿರಿ. ಮಾತ್ರೆ ಆಸ್ಪತ್ರೆಯಲ್ಲಿದೆ. ಅದನ್ನು ದಿನವೂ ಸೇವಿಸುವ ಮನೋಬಲಕ್ಕೆ ಸಂಗಾತಿಯೂ ಸಂಗಡಿಗರೂ ಇದ್ದಾರೆ. ಇಂದೇ ಇಬ್ಬರೂ ಕೂಡಿ ಹೋಗಿ ವಿಚಾರಿಸಿರಿ.