ಉಪವಾಸವಿದ್ದ ಹೊಟ್ಟೆಯೊಳಗೆ

"ನೆನ್ನೆ ರಾತ್ರಿ ಎಂಟು ಗಂಟೆಗೆ ಉಂಡಿದ್ದು ಕಣವ್ವ, ಆಮೇಲೆ ನೀರೂ ಮುಟ್ಟಿಲ್ಲ" ಎಂದರು ಯಜಮಾನರು. ಮಂಡ್ಯ ಕಡೆಯ ಕಬ್ಬು ಬೆಳೆಗಾರ, ಹದಿನೈದು ವರ್ಷದ ಸಕ್ಕರೆ ಕಾಯಿಲೆ, ಅಂದು ಹರ್ನಿಯಾ ಆಪರೇಷನ್. ಬೆಳಿಗ್ಗೆ ಒಂಬತ್ತಾಗಿತ್ತು. ಹದಿಮೂರು ಗಂಟೆ ಕಳೆದ ಹೊಟ್ಟೆ ಖಾಲಿ ಇರಬೇಕು. ಆದರೆ ಉಂಡ ಮೇಲೆ ಹೊತ್ತುಗಟ್ಟಲೆ ಹೊಟ್ಟೆ ಭಾರವೆಂದು ಅವರು ಮಾತಿನ ನಡುವೆ ಹೇಳಿದ್ದರು. ಅರಿವಳಿಕೆ ಕೊಡಬೇಕಾದವಳು ನಾನು. ಸ್ಕ್ಯಾನಿಂಗ್ ಮಷೀನು ಎಳೆದುಕೊಂಡೆ.

ಎದೆಗೂಡಿನ ಕೆಳಗೆ ಜೆಲ್ ಹಚ್ಚಿ ಪ್ರೋಬನ್ನು ಉದ್ದಕ್ಕೆ ಇಟ್ಟೆ. ಪರದೆಯಲ್ಲಿ ಮೊದಲು ಯಕೃತ್ತಿನ ಅಂಚು, ಅದರ ಹಿಂದೆ ಜಠರದ ಕೊನೆಯ ಭಾಗ, ಆಳದಲ್ಲಿ ಮಿಡಿಯುವ ಮಹಾಪಧಮನಿ. ಖಾಲಿ ಜಠರವಾದರೆ ಅಲ್ಲಿ ಚಪ್ಪಟೆಯಾಗಿ, ಇಲ್ಲವೇ ಉಂಗುರದೊಳಗೆ ಉಂಗುರವಿಟ್ಟಂತೆ ಕಾಣುತ್ತದೆ. ನೀರಿದ್ದರೆ ಕಪ್ಪು ಬಲೂನಿನ ಹಾಗೆ. ಅವರದು ಉಬ್ಬಿತ್ತು, ಒಳಗೆಲ್ಲ ಬೂದು ಬಿಳಿ ಚೂರು. ಬಲಮಗ್ಗುಲಿಗೆ ಮಲಗಿಸಿದೆ, ಆಗ ಒಳಗಿದ್ದದ್ದು ಈ ಭಾಗಕ್ಕೆ ಇಳಿಯುತ್ತದೆ. ಇನ್ನಷ್ಟು ಉಬ್ಬಿತು. ಪ್ರೋಬ್ ಅಲುಗಿಸದೆ ಗೋಡೆ ಗಡಿಯಾರ ನೋಡುತ್ತ ಕಾದೆ. ಊಟ ತುಂಬಿದ ಜಠರ ನಿಮಿಷಕ್ಕೆ ಸುಮಾರು 3 ಸಲ ಹಿಂಡಬೇಕು. ಇಡೀ ನಿಮಿಷಕ್ಕೆ ಬಂದದ್ದು ಒಂದೇ ಅಲೆ, ಅದೂ ಅರ್ಧಕ್ಕೇ ಸೋತಿತು.

"ಏನು ಉಂಡಿದ್ರಿ ಯಜಮಾನ್ರೇ?"

"ಮುದ್ದೆ, ಬಸ್ಸಾರು."

ಅವರು ಸುಳ್ಳು ಹೇಳಿರಲಿಲ್ಲ. ವರ್ಷಾನುಗಟ್ಟಲೆ ಹತೋಟಿ ತಪ್ಪಿದ ಸಕ್ಕರೆ, ಜಠರವನ್ನು ನಡೆಸುವ ನರಗಳನ್ನೇ ಕೆಡಿಸಬಲ್ಲದು. ಎಕ್ಸ್‌ರೇಯಲ್ಲಿ ಕಾಣದ ಈ ನಿಧಾನ, ಚಲಿಸುವ ಚಿತ್ರದಲ್ಲಿ ಕಣ್ಣೆದುರೇ ಕಾಣುತ್ತದೆ.

ಅರಿವಳಿಕೆಯಲ್ಲಿ ಕೆಮ್ಮುವ ಶಕ್ತಿಯೂ ಮಲಗಿರುತ್ತದೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದರೆ ನೇರ ಶ್ವಾಸಕೋಶಕ್ಕೆ. 1946ರಲ್ಲಿ ನ್ಯೂಯಾರ್ಕಿನ ಪ್ರಸೂತಿ ವೈದ್ಯ ಕರ್ಟಿಸ್ ಮೆಂಡೆಲ್ಸನ್ ಹೆರಿಗೆ ಹೊತ್ತಿನ ಇಂಥ 66 ಪ್ರಕರಣಗಳನ್ನು ವರದಿ ಮಾಡಿದರು. ಉಪವಾಸದ ಕಟ್ಟುನಿಟ್ಟು ಬಲವಾದದ್ದು ಆಮೇಲೆ. ಈಗಿನ ನಿಯಮ ತಿಳಿನೀರಿಗೆ 2 ಗಂಟೆ, ಲಘು ಆಹಾರಕ್ಕೆ 6. ಜಠರದ ಅಡ್ಡಳತೆಯಿಂದ ಒಳಗಿನ ದ್ರವವನ್ನು ಅಂದಾಜು ಮಾಡುವ ಕ್ರಮವನ್ನು ಟೊರಾಂಟೊದ ಅನಾಹಿ ಪೆರ್ಲಾಸ್ ತಂಡ 2009ರಿಂದ ಬೆಳೆಸಿತು. ಕಿಲೋ ತೂಕಕ್ಕೆ 1.5 ಮಿ.ಲೀ. ದಾಟಿದರೆ, ಅಂದರೆ 60 ಕಿಲೋದವರಿಗೆ 90 ಮಿ.ಲೀ., ನಾವು ಎಚ್ಚರ. ಗಟ್ಟಿ ಆಹಾರ ಕಂಡರೆ ಅಳೆಯುವ ಮಾತೇ ಇಲ್ಲ.

ಹೊಟ್ಟೆಯಲ್ಲಿ ಗಾಳಿ ತುಂಬಿದ್ದರೆ ಚಿತ್ರ ಮಸುಕು, ಕೈ ಪಳಗಿರಬೇಕು. ನಮ್ಮಲ್ಲಿ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಮಷೀನು ನೋಂದಣಿಯಾಗಿರಲೇಬೇಕು. ಆ ಕಾಯ್ದೆ ಬೇಕೇ ಬೇಕು. ಆದರೂ ಥಿಯೇಟರಿಗೆ ನೋಂದಾಯಿತ ಮಷೀನೊಂದು ಇರಲೇಬೇಕೆಂಬುದು ನನ್ನ ಹಠ.

ಯಜಮಾನರ ಆಪರೇಷನ್ ಮುಂದಕ್ಕೆ ಹೋಯಿತು. ಮರುವಾರ ಹಿಂದಿನ ದಿನವೆಲ್ಲ ಗಂಜಿನೀರು, ಮಜ್ಜಿಗೆಯಲ್ಲೇ ಇದ್ದು ಬಂದರು. ಜಠರ ಚಪ್ಪಟೆಯಾಗಿತ್ತು.

ನಿಮಗೆ ಆಪರೇಷನ್ ಇದ್ದು, ಸಕ್ಕರೆ ಕಾಯಿಲೆಯಿದ್ದರೆ, ತೂಕ ಇಳಿಸುವ ಸೆಮಾಗ್ಲುಟೈಡ್‌ನಂಥ ಇಂಜೆಕ್ಷನ್ ನಡೆಯುತ್ತಿದ್ದರೆ, ಉಂಡದ್ದು ಕರಗದೆ ಭಾರವೆನಿಸುತ್ತಿದ್ದರೆ ಅರಿವಳಿಕೆ ವೈದ್ಯರಿಗೆ ತಪ್ಪದೆ ಹೇಳಿ. ಬೆಳಿಗ್ಗೆ ಕುಡಿದ ಅರ್ಧ ಲೋಟ ಕಾಫಿಯನ್ನೂ ಮುಚ್ಚಿಡಬೇಡಿ.