ಬ್ಲ್ಯಾಕ್‌ಮೇಲಿನ ಕಾನೂನು ಮತ್ತು ‘ವಿಕ್ಟಿಮ್’ ಚಿತ್ರ

ಲಂಡನ್ನಿನ ಕಟ್ಟಡ ಕಾಮಗಾರಿಯೊಂದರಲ್ಲಿ ಕೂಲಿಯ ಲೆಕ್ಕ ಬರೆಯುವ ಯುವಕ ಬ್ಯಾರೆಟ್. ಮಾಲೀಕರ ಹಣ ಕದ್ದು ಪೊಲೀಸರಿಂದ ತಪ್ಪಿಸಿಕೊಂಡು ಓಡುತ್ತಿದ್ದಾನೆ. ಆದರೆ ಕದ್ದ ಹಣದಿಂದ ಅವನು ಸುಖಪಟ್ಟವನಲ್ಲ. ಅದು ಹೋದದ್ದು ಅವನನ್ನು ಬೆದರಿಸುತ್ತಿದ್ದವರ ಕೈಗೆ. 1961ರಲ್ಲಿ ತೆರೆಕಂಡ ಬೇಸಿಲ್ ಡಿಯರ್ಡನ್ ನಿರ್ದೇಶನದ ಬ್ರಿಟಿಷ್ ಚಿತ್ರ ‘ವಿಕ್ಟಿಮ್’ ಆರಂಭವಾಗುವುದು ಹೀಗೆ.

ಬೆದರಿಕೆಗೆ ಬಲ ಕೊಟ್ಟದ್ದು ಕಾನೂನೇ. 1885ರ ಶಾಸನದ ಪ್ರಕಾರ ಗಂಡಸರ ನಡುವಿನ ಲೈಂಗಿಕ ಸಂಬಂಧಕ್ಕೆ, ಅದು ಮನೆಯ ನಾಲ್ಕು ಗೋಡೆಗಳ ನಡುವೆಯೇ ನಡೆದಿದ್ದರೂ, ಎರಡು ವರ್ಷದವರೆಗೆ ಸೆರೆವಾಸ. ಹಣ ಸುಲಿಯುವವರ ವಿರುದ್ಧ ದೂರು ಕೊಡಲು ಹೋದವನು ತಾನೇ ಅಪರಾಧಿಯಾಗುತ್ತಿದ್ದ. ಅದಕ್ಕೆ ‘ಬ್ಲ್ಯಾಕ್‌ಮೇಲರುಗಳ ಸನದು’ ಎಂಬ ಅಡ್ಡಹೆಸರೇ ಬಿದ್ದಿತ್ತು.

ಅದುವರೆಗೆ ಜನಪ್ರಿಯ ಚಿತ್ರಗಳಲ್ಲಿ ಸಲಿಂಗಿ ಗಂಡಸು ಕಾಣಿಸಿಕೊಂಡರೆ ನಗೆಪಾಟಲಿಗೆ, ಇಲ್ಲವೇ ಖಳನ ಪಾತ್ರಕ್ಕೆ. ‘ವಿಕ್ಟಿಮ್’ನಲ್ಲಿ ಬರುವವರು ಬೇರೆ. ಒಬ್ಬ ಪುಸ್ತಕದಂಗಡಿಯವ, ಒಬ್ಬ ಕಾರು ಮಾರಾಟಗಾರ, ಒಬ್ಬ ಹೆಸರಾಂತ ನಟ. ಇನ್ನೊಬ್ಬ ಜೈಲು ಕಂಡು ದಣಿದ ಕ್ಷೌರಿಕ. ಅಂಗಡಿ ಮಾರಿ ಕೆನಡಾಕ್ಕೆ ಹೋಗಿಬಿಡುವ ಆಸೆ ಅವನದು. ಬೀದಿಯಲ್ಲಿ ಎದುರಾದರೆ ಯಾರೂ ತಿರುಗಿ ನೋಡದಂಥ ಜನ. ಚಿತ್ರದ ವಾಸ್ತವತೆ ಇರುವುದು ಇಲ್ಲಿಯೇ. ಇವರಲ್ಲಿ ಕೆಲವರಿಗೆ ಹೋರಾಟವೂ ಬೇಡ. ಹಣ ಕೊಟ್ಟು ಸುಮ್ಮನಿದ್ದರೆ ಸಾಕು.

ನಾಯಕ ಮೆಲ್ವಿಲ್ ಫಾರ್ ಯಶಸ್ವಿ ಬ್ಯಾರಿಸ್ಟರ್, ವಿವಾಹಿತ. ಅವನನ್ನು ಸಿಕ್ಕಿಸಬಲ್ಲ ಸಾಕ್ಷ್ಯವೆಂದರೆ ಕಾರಿನಲ್ಲಿ ಅವನ ಪಕ್ಕ ಕುಳಿತು ಬ್ಯಾರೆಟ್ ಅಳುತ್ತಿರುವ ಒಂದು ಫೋಟೋ. ಅಷ್ಟೇ. ಅದನ್ನು ಮುಚ್ಚಿಡಲೆಂದೇ ಬ್ಯಾರೆಟ್ ಹಣ ತೆತ್ತಿದ್ದ. ಸಿಕ್ಕಿಬಿದ್ದಾಗಲೂ ಫಾರ್‌ನ ಹೆಸರು ಹೇಳದೆ ಲಾಕಪ್ಪಿನಲ್ಲಿ ನೇಣು ಹಾಕಿಕೊಳ್ಳುತ್ತಾನೆ. ಬಳಿಕ ಹೆಂಡತಿಯ ಪ್ರಶ್ನೆಗಳಿಗೆ ಸಿಕ್ಕ ಫಾರ್, ಆ ಹುಡುಗನನ್ನು ತಾನು ಬಯಸಿದ್ದೆನೆಂದೂ ಆ ಕಾರಣಕ್ಕೇ ದೂರ ಮಾಡಿದೆನೆಂದೂ ಒಪ್ಪಿಕೊಳ್ಳುತ್ತಾನೆ. ಚಿತ್ರದ ಅತ್ಯಂತ ಗಟ್ಟಿ ದೃಶ್ಯ ಅದು.

ಈ ಪಾತ್ರ ವಹಿಸಿದವರು ಡರ್ಕ್ ಬೊಗಾರ್ಡ್. ‘ಡಾಕ್ಟರ್ ಇನ್ ದಿ ಹೌಸ್’ನಂಥ ಹಗುರ ಚಿತ್ರಗಳಿಂದ ಹುಡುಗಿಯರ ಕಣ್ಮಣಿಯಾಗಿದ್ದ ನಟ. ಆ ಬಗೆಯ ತಾರೆಗೆ ಇದು ಸಣ್ಣ ಸಾಹಸವಲ್ಲ. ಬ್ರಿಟನ್ನಿನ ಸೆನ್ಸಾರ್ ಮಂಡಳಿ ‘ಎಕ್ಸ್’ ಪ್ರಮಾಣಪತ್ರ ನೀಡಿತು. ಅಮೆರಿಕದ ಚಿತ್ರೋದ್ಯಮ ತನ್ನ ಸಂಹಿತೆಯ ಒಪ್ಪಿಗೆ ಮುದ್ರೆಯನ್ನು ನಿರಾಕರಿಸಿತು.

ಚಿತ್ರಕ್ಕೆ ಮಿತಿಗಳಿಲ್ಲದಿಲ್ಲ. ಬಯಸಿದರೂ ಮುಟ್ಟದವನು ಮಾತ್ರ ನಾಯಕನಾಗಬಲ್ಲ ಎಂಬ ಎಚ್ಚರಿಕೆ ಅದರಲ್ಲಿದೆ. ಆದರೂ ಕೊನೆಗೆ ಫಾರ್ ಬಾಯಿ ಮುಚ್ಚಿಕೊಳ್ಳುವುದಿಲ್ಲ. ವೃತ್ತಿ ಮುಗಿದುಹೋಗುತ್ತದೆಂದು ಗೊತ್ತಿದ್ದೂ ಸಾಕ್ಷಿ ಹೇಳಲು ಒಪ್ಪುತ್ತಾನೆ.

ವಯಸ್ಕರ ಖಾಸಗಿ, ಸಮ್ಮತಿಯ ಸಂಬಂಧ ಅಪರಾಧವಾಗಬಾರದೆಂದು ವುಲ್ಫೆಂಡೆನ್ ಸಮಿತಿ 1957ರಲ್ಲೇ ಹೇಳಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 21 ವರ್ಷ ತುಂಬಿದವರಿಗೆ ಆ ವಿನಾಯಿತಿ ದೊರೆತದ್ದು 1967ರಲ್ಲಿ. ಅದೇ ಬ್ರಿಟಿಷರು 1860ರ ದಂಡ ಸಂಹಿತೆಯಲ್ಲಿ ಭಾರತಕ್ಕೆ ಕೊಟ್ಟುಹೋದ 377ನೇ ಕಲಮಿನಿಂದ ಇಂಥ ಸಂಬಂಧಗಳನ್ನು ಸುಪ್ರೀಂ ಕೋರ್ಟ್ ಹೊರಗಿಟ್ಟದ್ದು 2018ರ ಸೆಪ್ಟೆಂಬರ್ 6ರಂದು.